ಕಲ್ಲುಮಡುವಿಗೆ ಎಂಥ ರೀಲು?

ನದಿಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವನನ್ನು ನಮ್ಮ ಜನ ಎರಡು ಬಗೆಯಲ್ಲಿ ಅರ್ಥಮಾಡಿಕೊಳ್ಳುತ್ತಾರೆ: ಒಂದು, ಅವನಿಗೆ ಬೇರೆ ಕೆಲಸವಿಲ್ಲ, ಇನ್ನೊಂದು, ಮನೆಯಲ್ಲಿ ಅವನ ಮಾತನ್ನು ಕೇಳುವವರಿಲ್ಲ. ನನ್ನ ಮಟ್ಟಿಗೆ ಎರಡೂ ಅಷ್ಟಿಷ್ಟು ನಿಜವೇ. ಆದರೂ ಈ ಹವ್ಯಾಸಕ್ಕೆ ಹಿರಿಯರ ಬೆಂಬಲವಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ, ಅರಸರ ವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಒಂದು ಸ್ಥಾನವಿದೆ. ಮೀನುಗಳ ಜಾತಿ, ಅವಕ್ಕೆ ಹಾಕುವ ಆಹಾರ, ಗಾಳದ ದಾರ—ಇವೆಲ್ಲವನ್ನೂ ಆ ದೊರೆ ಗಂಭೀರವಾಗಿಯೇ ವಿವರಿಸಿದ್ದಾನೆ. ಅವನು ಹೇಳದೆ ಬಿಟ್ಟ, ಹೇಳುವ ಸಂದರ್ಭವೂ ಅವನಿಗಿರದ ಒಂದು ವಿಷಯವನ್ನು ನಾನಿಂದು ಹೇಳಬೇಕೆಂದಿದ್ದೇನೆ. ಅದು ಕಲ್ಲುನೆಲದ ನೀರಿಗೆ ತಕ್ಕ ರೀಲಿನ ಆಯ್ಕೆ.

ನಮ್ಮ ಸಿರುಗುಪ್ಪದ ಬಳಿ ತುಂಗಭದ್ರೆ ಎರಡಾಗಿ ಒಡೆದು, ದೇಶನೂರನ್ನು ನಡುಗಡ್ಡೆಯಾಗಿಸಿ, ಮತ್ತೆ ಒಂದಾಗುತ್ತಾಳೆ. ದಂಡೆಯ ಈಚೆಗೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ನೀರಿನೊಳಗೆ ಮಾತ್ರ ಬೇರೆಯೇ ಲೋಕ. ಹಂಪಿಯ ಬಂಡೆಗಳನ್ನು ಕಂಡವರಿಗೆ ಈ ನದಿಯ ಹಾಸಿಗೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಅಣೆಕಟ್ಟು ಬಂದದ್ದು ೧೯೫೩ರಲ್ಲಿ. ಅಂದಿನಿಂದ ನೀರಿನ ಏರಿಳಿತಕ್ಕೆ ಮಳೆಯೊಂದೇ ಕಾರಣವಲ್ಲ, ತೂಬಿನ ಬಾಗಿಲೂ ಕಾರಣ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಂಚನಗುಡ್ಡದ ಕಡೆ ನಡೆದುಹೋದರೆ, ಮಳೆಗಾಲದಲ್ಲಿ ನಮ್ಮ ಗಾಳಗಳನ್ನು ನುಂಗಿದ ಕಲ್ಲುಗಳೆಲ್ಲ ಏನೂ ಅರಿಯದವರಂತೆ ಬಿಸಿಲು ಕಾಯುತ್ತಿರುತ್ತವೆ. ಅವುಗಳ ಸಂದಿಯಲ್ಲೇ ಬಾಳೆಮೀನು ಹೊಂಚುಹಾಕುವುದು. ಮೀನು ಬೇಕೆಂದರೆ ಕಲ್ಲಿನ ಸಹವಾಸವನ್ನು ಬಿಡುವಂತಿಲ್ಲ.

ರೀಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ದಾರ ಸುತ್ತಿದ ಉರುಳೆ ಅಲುಗದೆ ನಿಂತಿರುತ್ತದೆ. ಗಾಳವನ್ನು ಬೀಸಿದಾಗ ದಾರ ಅದರ ಅಂಚಿನಿಂದ ಸುರುಳಿಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ಹೊಸಬರಿಗೂ ಹಗುರವಾದ ಗಾಳಕ್ಕೂ ಇದು ಒಳ್ಳೆಯದು. ಆದರೆ ಸುತ್ತುವಾಗ ದಾರ ಒಂದು ಮೂಲೆಯಲ್ಲಿ ಮುರಿದು ತಿರುಗಬೇಕಾದ್ದರಿಂದ, ಭಾರ ಹೆಚ್ಚಾದಾಗ ಕೈಯ ಬಲ ಅಲ್ಲೇ ಸೋರಿಹೋಗುತ್ತದೆ. ಎರಡನೆಯದು ಮಲ್ಟಿಪ್ಲೈಯರ್. ಇದರಲ್ಲಿ ಉರುಳೆಯೇ ಬಾವಿಯ ರಾಟೆಯಂತೆ ತಿರುಗುತ್ತದೆ. ಹಿಡಿಗೆ ಸೇರಿದ ದೊಡ್ಡ ಹಲ್ಲುಚಕ್ರವು ಉರುಳೆಗೆ ಸೇರಿದ ಚಿಕ್ಕ ಚಕ್ರವನ್ನು ತಿರುಗಿಸುವುದರಿಂದ, ಕೈ ಒಂದು ಸುತ್ತು ಬಂದರೆ ಉರುಳೆ ನಾಲ್ಕೈದು ಸುತ್ತು ಬರುತ್ತದೆ. ಹೆಸರಿನಲ್ಲಿರುವ ಗುಣಾಕಾರ ಇದೇ. ದಾರ ನೇರವಾಗಿ ಬಂದು ಸುತ್ತಿಕೊಳ್ಳುವುದರಿಂದ ಭಾರ ಎಳೆಯುವ ಕೆಲಸಕ್ಕೆ ಇದೇ ಗಟ್ಟಿ.

ಈ ಯಂತ್ರದ ಚರಿತ್ರೆಯಲ್ಲಿ ಗಡಿಯಾರದವರ ಕೈ ದೊಡ್ಡದು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಇಂಥ ರೀಲು ಮಾಡಿ ಹೆಸರಾದ ಜಾರ್ಜ್ ಸ್ನೈಡರ್ ಗಡಿಯಾರದ ಕಸಬಿನವನು. ಮುಂದೆ ಜಗತ್ತಿಗೆಲ್ಲ ಮಲ್ಟಿಪ್ಲೈಯರ್ ಒದಗಿಸಿದ ಸ್ವೀಡನ್ನಿನ ಆಬು ಕಂಪನಿಯೂ ೧೯೨೧ರಲ್ಲಿ ಹುಟ್ಟಿದ್ದು ಗಡಿಯಾರದ ಕಾರ್ಖಾನೆಯಾಗಿಯೇ. ಹಲ್ಲುಚಕ್ರಗಳ ನಯ ಅವರಿಗೆ ಗೊತ್ತಿತ್ತು. ಆದರೆ ಕಲ್ಲುನೆಲಕ್ಕೆ ಗಡಿಯಾರದ ನಯವೊಂದೇ ಸಾಲದು, ಗಾಣದ ಗಟ್ಟಿತನವೂ ಬೇಕು. ಈ ಮಾತನ್ನು ನಾನು ಕಲಿತದ್ದು ನಾಚಿಕೆಪಟ್ಟುಕೊಂಡು.

ನನ್ನ ಮೊದಲ ಮಲ್ಟಿಪ್ಲೈಯರನ್ನು ನಾನು ಕೊಂಡದ್ದು ಅದರ ಹೊಳಪಿಗೆ ಮರುಳಾಗಿ. ಬಹಳ ದೂರ ಬೀಸುತ್ತದೆಂದು ಅಂಗಡಿಯವರು ಹೇಳಿದರು, ಬೀಸಿತು ಕೂಡ. ಒಂದು ಸಂಜೆ ದೇಶನೂರಿನ ಕಡೆಯ ಮಡುವಿನಲ್ಲಿ ದೊಡ್ಡ ಮೀನೊಂದು ಎರೆಯನ್ನು ಹಿಡಿದು ಕಲ್ಲಿನ ಸಂದಿಗೆ ನುಗ್ಗಿತು. ನಾನು ಬಲವಾಗಿ ಎಳೆದೆ. ರೀಲಿನ ತೆಳುವಾದ ಚೌಕಟ್ಟು ಬಾಗಿ, ಉರುಳೆಗೂ ಪಕ್ಕದ ತಟ್ಟೆಗೂ ನಡುವೆ ದಾರ ನುಸುಳಿ ಸಿಕ್ಕಿಕೊಂಡಿತು. ಬಿಡಲೂ ಆಗದು, ಸುತ್ತಲೂ ಆಗದು. ಕೊನೆಗೆ ದಾರ ರೀಲಿನ ಹತ್ತಿರವೇ ತುಂಡಾಯಿತು. ಮೀನು ತಪ್ಪಿಸಿಕೊಂಡಿತೆಂದು ಸ್ನೇಹಿತರಿಗೆ ಅದರ ಉದ್ದವನ್ನು ಕೈಚಾಚಿ ತೋರಿಸುತ್ತ ಎರಡು ದಿನ ಕಳೆದೆ.

ಮೂರನೆಯ ದಿನ, ಹರಿಗೋಲಿನಲ್ಲಿ ಬಲೆ ಹಾಕುವ ಬೆಸ್ತರ ಹಿರಿಯರೊಬ್ಬರು ದಂಡೆಯಲ್ಲಿ ನನ್ನನ್ನು ಕರೆದರು. ಅವರ ಕೈಯಲ್ಲಿ ಗೋಜಲಾದ ತಂಗೂಸಿ ಇತ್ತು.

“ಮಾಸ್ತರ್ರೇ, ಈ ದಾರ ನಿಮ್ದಾ ಅಲ್ಲೇನ್ರೀ?”

ಹೌದೆಂದೆ.

“ಮೀನು ತಪ್ಪಿಸ್ಕೊಂಡಿಲ್ರೀ. ಗುಂಡು ಕಲ್ಲಾಗ ಸಿಕ್ಕಿತ್ತು, ಮೀನು ಗುಂಡಿಗೆ ಕಟ್ಟಿತ್ತು. ಅಲ್ಲೇ ಸತ್ತೈತಿ. ತಿನ್ನಾಕ ಬರಲಿಲ್ಲ, ಮಾರಾಕ ಬರಲಿಲ್ಲ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಹೊಟ್ಟೆಪಾಡಿಗೆ ಮೀನು ಹಿಡಿಯುವವರು ವ್ಯರ್ಥವಾಗಿ ಕೊಂದಿರಲಿಲ್ಲ. ವಿನೋದಕ್ಕೆಂದು ಹೋದ ನಾನು ಕೊಂದಿದ್ದೆ. ಸೀಸದ ಗುಂಡನ್ನೂ ನಾನು ಅದೇ ಬಲವಾದ ದಾರದಿಂದ ಕಟ್ಟಿದ್ದೆ. ಹೀಗಾಗಿ ಕಲ್ಲು ಹಿಡಿದದ್ದನ್ನು ಮೀನು ಬಿಡಿಸಿಕೊಳ್ಳಲಾಗಲಿಲ್ಲ.

ಅಂದಿನಿಂದ ರೀಲನ್ನು ಆರಿಸುವ ಪ್ರಶ್ನೆ ನನಗೆ ಬದಲಾಯಿತು. ಎಷ್ಟು ದೂರ ಎಸೆಯುತ್ತದೆ ಎಂಬುದಲ್ಲ, ಎಸೆದದ್ದನ್ನು ಎಷ್ಟು ನಂಬಿಕೆಯಿಂದ ಹಿಂದಕ್ಕೆ ತರುತ್ತದೆ ಎಂಬುದೇ ಮೊದಲ ಪ್ರಶ್ನೆ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಚೌಕಟ್ಟನ್ನು ನೋಡಬೇಕು. ಎರಡು ಪಕ್ಕದ ತಟ್ಟೆಗಳನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿರಿ. ಅಲುಗಾಡಿದರೆ ಅಲ್ಲಿಯೇ ಇಟ್ಟುಬಿಡಿರಿ. ಒಂದೇ ಲೋಹದ ತುಂಡಿನಿಂದ ಮಾಡಿದ ಚೌಕಟ್ಟು ಉತ್ತಮ. ಎರಡನೆಯದು ಉರುಳೆ, ಅದೂ ಲೋಹದ್ದೇ ಇರಲಿ. ನೈಲಾನ್ ದಾರ ಎಳೆತದಲ್ಲಿ ಹಿಗ್ಗಿ, ಸುತ್ತಿದ ಮೇಲೆ ಕುಗ್ಗಿ ಉರುಳೆಯನ್ನು ಹಿಚುಕುತ್ತದೆ. ಈ ಹಿಡಿತಕ್ಕೆ ಪ್ಲಾಸ್ಟಿಕ್ಕಿನ ಉರುಳೆ ಸೀಳಿದ್ದುಂಟು. ಕಲ್ಲಿಗೆ ಉಜ್ಜಿದರೂ ತಡೆಯುವಂಥ, ಅರ್ಧ ಮಿಲಿಮೀಟರು ದಪ್ಪದ ದಾರ ಇನ್ನೂರು ಮೀಟರಾದರೂ ಅದರಲ್ಲಿ ಹಿಡಿಯಬೇಕು.

ಮೂರನೆಯದು ವೇಗ. ಕಲ್ಲುನೆಲದಲ್ಲಿ ಗುಂಡನ್ನು ನೆಲದ ಮೇಲೆ ಎಳೆದು ತರಬಾರದು, ಬೇಗನೆ ಮೇಲೆತ್ತಿ ಕಲ್ಲುಗಳನ್ನು ದಾಟಿಸಿಬಿಡಬೇಕು. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ದಾರ ತುಂಬಿದ ಉರುಳೆಯ ಅಡ್ಡಳತೆ ಐದು ಸೆಂಟಿಮೀಟರು ಎನ್ನಿರಿ. ಒಂದು ಸುತ್ತಿಗೆ ಸುಮಾರು ಹದಿನಾರು ಸೆಂಟಿಮೀಟರು ದಾರ ಬರುತ್ತದೆ. ಹಿಡಿಯ ಒಂದು ಸುತ್ತಿಗೆ ಉರುಳೆ ಐದು ಸುತ್ತು ಬಂದರೆ ಒಟ್ಟು ಎಂಬತ್ತು ಸೆಂಟಿಮೀಟರು. ಅದೇ ಹಲ್ಲುಚಕ್ರವಿದ್ದರೂ ಉರುಳೆ ಸಣ್ಣದಾದರೆ ಈ ಲಾಭವಿಲ್ಲ. ಹಾಗೆಂದು ಆರು ಏಳು ಸುತ್ತಿನ ಆಸೆಗೆ ಬಿದ್ದರೆ ಬಲ ಕಡಿಮೆಯಾಗುತ್ತದೆ. ಸೈಕಲ್ಲಿನಲ್ಲಿ ಏರು ಹತ್ತಿದವರಿಗೆಲ್ಲ ಇದು ತಿಳಿದ ವಿಷಯ. ದೊಡ್ಡ ಉರುಳೆ, ಮಧ್ಯಮ ವೇಗ, ಅಂಗೈ ತುಂಬುವ ಹಿಡಿ: ನನ್ನ ಆಯ್ಕೆ ಇದು.

ನಾಲ್ಕನೆಯದು ಬ್ರೇಕು. ಬೀಸಿದ ಗುಂಡಿನ ವೇಗ ಕುಗ್ಗಿದ ಮೇಲೂ ಉರುಳೆ ಅದೇ ಭರದಲ್ಲಿ ತಿರುಗುತ್ತಿದ್ದರೆ ದಾರ ಉಕ್ಕಿ ಹಕ್ಕಿಯ ಗೂಡಾಗುತ್ತದೆ. ಇದನ್ನು ತಡೆಯಲು ಕೆಲವು ರೀಲುಗಳಲ್ಲಿ ಅಯಸ್ಕಾಂತವಿರುತ್ತದೆ, ಕೆಲವುಗಳಲ್ಲಿ ತಿರುಗುವ ಭರಕ್ಕೆ ಹೊರಚಾಚಿ ಉಜ್ಜುವ ಸಣ್ಣ ಗುಬುಟುಗಳಿರುತ್ತವೆ. ಯಾವುದಾದರೂ ಒಂದಿರಲಿ, ಅದಕ್ಕಿಂತ ದೊಡ್ಡ ಬ್ರೇಕು ನಮ್ಮ ಹೆಬ್ಬೆರಳು. ಬೇರಿಂಗು ಎಷ್ಟು, ಬಣ್ಣ ಯಾವುದು ಎಂಬುದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ.

ಇಷ್ಟೆಲ್ಲ ಆರಿಸಿ ತಂದ ರೀಲು ಕೂಡ ಕಲ್ಲನ್ನು ಗೆಲ್ಲಲಾರದು. ಗುಂಡು ಸಿಕ್ಕಿಕೊಂಡಾಗ ರೀಲಿನಿಂದ ಎಳೆಯಬಾರದು. ದಾರವನ್ನು ಒಂದು ಕೋಲಿಗೆ ಸುತ್ತಿ ಹಿಂದಕ್ಕೆ ನಡೆಯಬೇಕು. ಆಗ ಏನು ಕಡಿಯಬೇಕು ಎಂಬುದನ್ನು ನಾವೇ ಮೊದಲು ತೀರ್ಮಾನಿಸಿರಬೇಕು. ಆ ತೀರ್ಮಾನವನ್ನು ನನಗೆ ಕಲಿಸಿದವರು ಅದೇ ಹಿರಿಯರು. ದಂಡೆಯಿಂದ ಒಂದು ಉದ್ದನೆಯ ಕಲ್ಲನ್ನು ಆರಿಸಿ, ಅದಕ್ಕೆ ಹತ್ತಿಯ ನೂಲು ಸುತ್ತಿ, ಆ ನೂಲಿನಿಂದಲೇ ಗಾಳದ ದಾರಕ್ಕೆ ಕಟ್ಟಿ ತೋರಿಸಿದರು. ಕಲ್ಲು ಸಿಕ್ಕಿಕೊಂಡರೆ ನೂಲು ಕಡಿಯುತ್ತದೆ, ಮೀನು ಮತ್ತು ದಾರ ಎರಡೂ ಕೈಗೆ ಬರುತ್ತವೆ. ಅಕಸ್ಮಾತ್ ದಾರವೇ ತುಂಡಾದರೂ ನೀರಿನಲ್ಲಿ ನೂಲು ಬೇಗ ಕೊಳೆಯುತ್ತದೆ, ಮೀನು ತನ್ನ ದಾರಿ ಹಿಡಿಯುತ್ತದೆ. ವಿಷದ ಸೀಸವೂ ನದಿಗೆ ಸೇರುವುದಿಲ್ಲ. ಇಂಗ್ಲೆಂಡಿನ ಕಡಲದಂಡೆಯ ಗಾಳಗಾರರೂ ಕಲ್ಲುನೆಲದಲ್ಲಿ ಇಂಥದೇ ದುರ್ಬಲ ಕೊಂಡಿಯನ್ನು ಬಳಸುತ್ತಾರೆಂದು ನಾನು ಓದಿದ್ದು ಆಮೇಲೆ. ಹತ್ತಿ ಬೆಳೆಯುವ ಬಳ್ಳಾರಿ ಸೀಮೆಯಲ್ಲಿ ಹುಟ್ಟಿಯೂ ಒಂದೆಳೆ ನೂಲಿನ ಬೆಲೆ ನನಗೆ ತಿಳಿದಿರಲಿಲ್ಲ.

೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ೧೨೦ ಪೌಂಡು ತೂಕದ ಮಹಸೀರ್ ಮೀನನ್ನು ಗಾಳದಿಂದ ಹಿಡಿದರು. ಕಾವೇರಿ ಸೀಮೆಯ ಆ ಡುಬ್ಬದ ಮಹಸೀರ್ ೨೦೧೮ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ನಮ್ಮದೇ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹರಿವನ್ನು ೨೦೧೫ರಲ್ಲಿ ನೀರುನಾಯಿಗಳ ಸಂರಕ್ಷಣೆಗೆಂದು ಮೀಸಲಿಡಲಾಯಿತು. ಅಂಥಲ್ಲಿ ಗಾಳ ಹಾಕುವ ಮಾತೇ ಇಲ್ಲ. ಹಾಕಬಹುದಾದಲ್ಲಿಯೂ ಪರವಾನಗಿ ಪಡೆದು, ನದಿಗೆ ಸಾಲ ಉಳಿಸದೆ ಹಿಂದಿರುಗಬೇಕು.

ಈಗಲೂ ಹೊಸ ಹುಡುಗರು ಬಂದು “ಸಾರ್, ಎಂಥ ರೀಲು ತಗೊಳ್ಳಲಿ?” ಎಂದು ಕೇಳುತ್ತಾರೆ. ನಾನು ಚೌಕಟ್ಟು, ಉರುಳೆ, ವೇಗ, ಬ್ರೇಕು ಎಲ್ಲವನ್ನೂ ಹೇಳುತ್ತೇನೆ. ಕೊನೆಗೆ ಜೇಬಿನಿಂದ ಒಂದು ನೂಲಿನ ಉಂಡೆಯನ್ನು ತೆಗೆದು ಅವರ ಕೈಗೆ ಕೊಡುತ್ತೇನೆ. ರೀಲಿಗೆ ಸಾವಿರಾರು ರೂಪಾಯಿ ಕೊಡಲು ಸಿದ್ಧರಾಗಿ ಬಂದವರು ಅದನ್ನು ನೋಡಿ ನಗುತ್ತಾರೆ. ನಗಲಿ, ನೂಲು ಅವರ ಜೇಬಿನಲ್ಲಿದ್ದರೆ ಸಾಕು.