ಕಾವಲುಗಾರನ ಲೆಕ್ಕ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು ಕಂಡವರಿಗೆ ಅಲ್ಲಿಯ ಹೆಬ್ಬಂಡೆಗಳ ನೆನಪು ಮಾಸದು. ಚಿತ್ರದುರ್ಗದ ಒನಕೆ ಓಬವ್ವನ ತವರು ಇದೇ ಎಂಬುದು ಆ ಸೀಮೆಯ ಪ್ರತೀತಿ. ಕಿಂಡಿಯಲ್ಲಿ ತೂರಿಬಂದ ತಲೆಗಳಲ್ಲಿ ಒಂದನ್ನೂ ನೋಡದೆ ಬಿಡಲಿಲ್ಲವಾಗಿ ಆಕೆಯ ಕಾವಲು ಕಾವಲೆನಿಸಿತು. ನಾನು ಇಂದು ಹೇಳಹೊರಟಿರುವುದು ಗಣಕಯಂತ್ರದೊಳಗಿನ ಕಾವಲುಗಾರನೊಬ್ಬನ ಕಥೆ. ಅವನು ಎಣಿಸಿ ನೋಡಲಿಲ್ಲ.

ಗಣಕವನ್ನೂ ಒಂದು ಕೋಟೆಯೆಂದೇ ಭಾವಿಸೋಣ. ನಾವು ಬಳಸುವ ಸಾಮಾನ್ಯ ಪ್ರೋಗ್ರಾಮುಗಳು ಹೊರಸುತ್ತಿನ ನಿವಾಸಿಗಳು. ಒಳಸುತ್ತಿನಲ್ಲಿ, ಯಂತ್ರದ ಸಮಸ್ತ ವ್ಯವಹಾರವನ್ನೂ ನಡೆಸುವ ‘ಕರ್ನಲ್’ ಎಂಬ ತಿರುಳುಂಟು. ಹೊರಸುತ್ತಿನವನೊಬ್ಬ ತನ್ನದಲ್ಲದ ಸ್ಮೃತಿಯನ್ನು ಓದಹೋದರೆ ಕರ್ನಲ್ ಅವನೊಬ್ಬನನ್ನೇ ನಿಲ್ಲಿಸುತ್ತದೆ. ಉಳಿದವರ ಕೆಲಸ ಸಾಗುತ್ತದೆ. ತಿರುಳಿನಲ್ಲೇ ಕುಳಿತವನು ಅದೇ ತಪ್ಪು ಮಾಡಿದರೆ? ಅವನ ಮೇಲೆ ಯಾರೂ ಇಲ್ಲ. ಹೆಚ್ಚಿನ ಕೇಡಾಗದಿರಲೆಂದು ಇಡೀ ಯಂತ್ರವೇ ಸ್ತಬ್ಧವಾಗುತ್ತದೆ.

2024ರ ಜುಲೈ 19ರ ಶುಕ್ರವಾರ ನಡೆದದ್ದು ಇದೇ. ಅಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ಸಾಲುಗಟ್ಟಿ ಕಾದರು. ದೇಶದ ಕೆಲವೆಡೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಯಾವ ಶತ್ರುವೂ ಬಂದಿರಲಿಲ್ಲ. ಶತ್ರುವನ್ನು ತಡೆಯಲೆಂದು ವಿಂಡೋಸ್‌ನ ತಿರುಳಿನಲ್ಲಿ ಕೂರಿಸಿದ್ದ, ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯ ರಕ್ಷಣಾ ತಂತ್ರಾಂಶವೇ ಎಡವಿತ್ತು. ಸಂಸ್ಥೆ ಅಂದು ಕಳುಹಿಸಿದ ಕಡತವು 21ನೆಯ ಅಂಶವನ್ನು ಪರೀಕ್ಷಿಸೆಂದು ಹೇಳಿತು. ತಂತ್ರಾಂಶದ ಮುಂದಿದ್ದ ಅಂಶಗಳು 20 ಮಾತ್ರ. ಹಿಂದಿನ ಕಡತಗಳು ಆ 21ನೆಯ ಜಾಗದಲ್ಲಿ ‘ಏನಿದ್ದರೂ ಸರಿ’ ಎಂದಿದ್ದುದರಿಂದ ಕೊರತೆ ಯಾರಿಗೂ ಕಂಡಿರಲಿಲ್ಲ. ಈಗ ಅದು ಸಾಲಿನಾಚೆಗೆ ಕೈಚಾಚಿತು, ತನ್ನದಲ್ಲದ ಸ್ಮೃತಿಯನ್ನು ಓದಿತು, ಯಂತ್ರ ಬಿದ್ದಿತು. ನಮ್ಮ ಕಾಲಮಾನದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಹೊರಟ ಕಡತವನ್ನು 78 ನಿಮಿಷಗಳಲ್ಲಿ ಹಿಂಪಡೆದರೂ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ಯಂತ್ರಗಳಿಗೆ ಪೆಟ್ಟು ಬಿದ್ದಿತ್ತು.

ಪರಕೀಯರ ಕಡತವಾಗಿದ್ದರೆ ಹತ್ತು ಬಾರಿ ಶೋಧಿಸುತ್ತಿದ್ದರೇನೋ! ಮನೆಯದೇ ಕಡತವೆಂಬ ನಂಬಿಕೆಯೇ ಇಲ್ಲಿ ಮುಳುವಾಯಿತೆಂದು ನನಗೆ ತೋರುತ್ತದೆ.

ರಿಪೇರಿಯ ಕಷ್ಟ ಬೇರೆಯೇ. ಯಂತ್ರ ಏಳುವಾಗಲೇ ಕಾವಲುಗಾರನೂ ಏಳುತ್ತಾನೆ, ಅದೇ ಕಡತ ಓದುತ್ತಾನೆ, ಯಂತ್ರ ಮತ್ತೆ ಬೀಳುತ್ತದೆ. ಹೀಗಾಗಿ ಅನೇಕ ಕಡೆಗಳಲ್ಲಿ ನೌಕರರು ಒಂದೊಂದು ಯಂತ್ರದ ಮುಂದೆಯೂ ಕುಳಿತು ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ತಂತ್ರಾಂಶದ ತಿದ್ದುಪಡಿಯಾದರೋ ಅತಿ ಸರಳ: ಓದುವ ಮುನ್ನ ಸಾಲು ಎಲ್ಲಿ ಮುಗಿಯುತ್ತದೆಂದು ನೋಡು, ಅಷ್ಟೆ. ಜುಲೈ 25ರಂದು ಅದನ್ನು ಸೇರಿಸಿದರು.

ಕರ್ನಲ್‌ಗಳನ್ನು ಬಹುಪಾಲು ಬರೆದಿರುವ ಸಿ ಭಾಷೆ ಸಾಲಿನ ಕೊನೆಯನ್ನು ತಾನಾಗಿ ನೋಡದು, ಬರೆಯುವವನೇ ನೆನಪಿಡಬೇಕು. ರಸ್ಟ್ ಎಂಬ ಹೊಸ ಭಾಷೆ ಆ ಎಚ್ಚರವನ್ನು ತಾನೇ ವಹಿಸುತ್ತದೆ. 2022ರ ಡಿಸೆಂಬರಿನಲ್ಲಿ ಲಿನಕ್ಸ್ ತನ್ನ ತಿರುಳಿನೊಳಗೆ ಅದಕ್ಕೆ ಎಡೆಗೊಟ್ಟಿತು. ಮೈಕ್ರೋಸಾಫ್ಟ್ 2024ರ ನವೆಂಬರಿನಲ್ಲಿ ಮತ್ತೊಂದು ದಾರಿಯನ್ನು ಸೂಚಿಸಿತು: ಇಂಥ ಕಾವಲುಗಾರರು ಹೊರಸುತ್ತಿನಲ್ಲೇ ನಿಂತು ಕೆಲಸಮಾಡಲಿ. ಅಲ್ಲಿ ಎಡವಿದರೆ ಬೀಳುವವನು ಅವನೊಬ್ಬನೇ. ಆದರೆ ಹೊರಗೆ ನಿಂತವನಿಗೆ ಒಳಹೊಕ್ಕ ಕಳ್ಳ ಎಷ್ಟರಮಟ್ಟಿಗೆ ಕಂಡಾನು?