ಬಟವಾಡೆ ಬೇರೆ, ಆದಾಯ ಬೇರೆ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)

ನಾನು ಎಸ್ಸೆಸ್ಸೆಲ್ಸಿ ಓದಿದವನು, ದೊಡ್ಡ ಭಾಷಣ ಬರುವುದಿಲ್ಲ. ಸಂಘ ಬೆಳೆದು ಬಂದ ಬಗೆಯನ್ನು ಕಾರ್ಯದರ್ಶಿಗಳು ಹೇಳಿದ್ದಾರೆ. ನಾನು ನನ್ನ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

2023ರಲ್ಲಿ ಗೃಹಲಕ್ಷ್ಮಿಗೆ ಅರ್ಜಿ ತೊಗೊಳ್ಳೋಕೆ ಶುರುವಾದಾಗ ನಮ್ಮ ಸದಸ್ಯೆ ಒಬ್ಬರು, ಗಂಡ ತೀರಿಕೊಂಡವರು, ಡೇರಿ ಹತ್ತಿರ ನನ್ನನ್ನು ಕೇಳಿದರು: "ನನಗೆ ಬರುತ್ತೇನಪ್ಪಾ?" ಅವರದ್ದು ಎಪಿಎಲ್ ಕಾರ್ಡು. ನಾನು ದೊಡ್ಡದಾಗಿ ತಿಳಿದವನ ಹಾಗೆ, "ಇಲ್ಲ ಕಣಕ್ಕಾ, ಬಿಪಿಎಲ್ ಇದ್ದರೆ ಮಾತ್ರ" ಅಂದುಬಿಟ್ಟೆ. ಅವರು ಸುಮ್ಮನೆ ಮನೆಗೆ ಹೋದರು. ಏಳು ತಿಂಗಳಾದ ಮೇಲೆ ಬೇರೆ ಯಾರೋ ಹೇಳಿ ಅರ್ಜಿ ಹಾಕಿಸಿದರು, ಹಣ ಬಂತು. ಹಿಂದಿನ ಏಳು ತಿಂಗಳದ್ದು ಬರಲಿಲ್ಲ. ತಿಂಗಳಿಗೆ 2,000ದಂತೆ 14,000 ರೂಪಾಯಿ. ಅದು ನನ್ನ ಬಾಯಿಂದ ಹೋದ ದುಡ್ಡು.

ಗೃಹಲಕ್ಷ್ಮಿಗೆ ಬಿಪಿಎಲ್ ಆಗಬೇಕೆಂದಿಲ್ಲ. ಅಂತ್ಯೋದಯ, ಬಿಪಿಎಲ್, ಎಪಿಎಲ್ ಯಾವ ಕಾರ್ಡಾದರೂ ಸರಿ, ಅದರಲ್ಲಿ ಮನೆಯ ಯಜಮಾನಿ ಅಂತ ಹೆಸರಿರಬೇಕು. ಆಕೆ ಆಗಲಿ, ಗಂಡ ಆಗಲಿ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು ಆಗಿರಬಾರದು. ಬಿಪಿಎಲ್ ಕಾರ್ಡಿನ ಲೆಕ್ಕವೇ ಬೇರೆ. ಕುಟುಂಬದ ವರ್ಷದ ಆದಾಯ 1 ಲಕ್ಷದ 20 ಸಾವಿರ ದಾಟಬಾರದು, ಜಮೀನು 3 ಹೆಕ್ಟೇರ್ ಖುಷ್ಕಿ ಅಥವಾ ಅದಕ್ಕೆ ಸಮನಾದ ನೀರಾವರಿ ಮೀರಬಾರದು. ಪಿಎಂ ಕಿಸಾನ್ ವರ್ಷದ 6,000ಕ್ಕೆ ಮತ್ತೊಂದು ಅಳತೆ. ಅಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, 18 ತುಂಬದ ಮಕ್ಕಳು. ತೆರಿಗೆ ಕಟ್ಟಿದವರಿಗೂ, ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಬರುವ ನಿವೃತ್ತ ನೌಕರರಿಗೂ (ಡಿ ದರ್ಜೆಯವರನ್ನು ಬಿಟ್ಟು) ಇಲ್ಲ. ಒಂದು ಸಿಗಲಿಲ್ಲ ಅಂತ ಇನ್ನೊಂದನ್ನು ಕೈಬಿಡಬಾರದು. ನಾನು ಮಾಡಿದ್ದು ಅದೇ ತಪ್ಪು.

ಆದರೆ ಆ ಅಕ್ಕನಿಗೆ ಎಪಿಎಲ್ ಯಾಕೆ ಬಂತು? ಆದಾಯ ಎಷ್ಟು ಅಂತ ಕೇಳಿದಾಗ ಅವರು ಡೇರಿ ಪಾಸ್‌ಬುಕ್ ತೋರಿಸಿ, ವರ್ಷದ ಬಟವಾಡೆಯನ್ನೇ ಪೂರ್ತಿ ಬರೆಸಿದ್ದರು. ನಮ್ಮಲ್ಲಿ ಅರ್ಧ ಜನ ಹೀಗೇ ಮಾಡುತ್ತಾರೆ. ಇನ್ನರ್ಧ ಜನ ಪಕ್ಕದವನು ಎಷ್ಟು ಬರೆಸಿದ ಅಂತ ಕೇಳಿ ಅಷ್ಟೇ ಬರೆಸುತ್ತಾರೆ!

ಲೆಕ್ಕ ಹಾಕೋಣ. ಎರಡು ಹಸು, ವರ್ಷದ ಸರಾಸರಿ ದಿನಕ್ಕೆ 12 ಲೀಟರ್, ಲೀಟರಿಗೆ 33 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 1,44,540 ಆಯ್ತು. ಗೆರೆ ದಾಟಿತು ಅನ್ನಿಸುತ್ತದೆ. ಈಗ ಖರ್ಚು ನೋಡಿ. ವಾರಕ್ಕೊಂದು ಮೂಟೆ ಪಶು ಆಹಾರ, ಮೂಟೆಗೆ 1,300 ಅಂದರೂ 52 ವಾರಕ್ಕೆ 67,600. ಹುಲ್ಲಿಗೆ 15,000. ಡಾಕ್ಟರು, ಔಷಧಿ, ವಿಮೆ, ಖನಿಜ ಮಿಶ್ರಣ ಸೇರಿ 8,000. ಒಟ್ಟು 90,600 ಕಳೆದರೆ ಉಳಿದದ್ದು 53,940, ತಿಂಗಳಿಗೆ 4,500 ರೂಪಾಯಿನೂ ಪೂರ್ತಿ ಇಲ್ಲ. ಸಗಣಿ ಬಾಚಿದ ಹೆಂಗಸರ ಕೂಲಿ ಇದರಲ್ಲಿ ಸೇರಿಲ್ಲ. ರಾಗಿಯಿಂದ ಖರ್ಚು ಕಳೆದು 25,000 ಉಳಿಯಿತು ಅಂದರೂ 78,940.

ಖರ್ಚು ಕಳೆದು ಕೈಗೆ ಉಳಿದದ್ದೇ ಆದಾಯ ಅಂತ ನನ್ನ ತಿಳುವಳಿಕೆ. ನಾಡಕಚೇರಿಗೆ ಹೋದಾಗ ಬಟವಾಡೆ, ಖರ್ಚು ಎರಡನ್ನೂ ಬರೆದು ಕೊಡಿ, ಗ್ರಾಮ ಆಡಳಿತ ಅಧಿಕಾರಿಗಳು ವಿಚಾರಣೆಗೆ ಬಂದಾಗ ಬಿಲ್ಲು ತೋರಿಸಿ. ತೀರ್ಮಾನ ತಹಸೀಲ್ದಾರರದ್ದು.

ಇದು ಸಣ್ಣ ವಿಷಯ ಅಲ್ಲ. 2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಗೆ ಬದಲು ಬಿಪಿಎಲ್ ಮನೆಗಳಿಗೆ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು. 2025ರಲ್ಲಿ ಅಕ್ಕಿಯನ್ನೇ ಕೊಡಲು ಶುರು ಮಾಡಿದರು. ಐದು ಜನರ ಮನೆಗೆ ತಿಂಗಳಿಗೆ 850. ಒಂದು ಅಂಕಿ ತಪ್ಪಾಗಿ ಬರೆಸಿದ್ದಕ್ಕೆ ಅದು ಹೋಯಿತು.

ಇನ್ನು ಕಹಿ ಮಾತು. ಮಗ ಬೆಂಗಳೂರಿನ ಗಾರ್ಮೆಂಟ್ಸಲ್ಲಿ ತಿಂಗಳಿಗೆ 12,000 ತರುತ್ತಿದ್ದು, ಅದೇ ಕಾರ್ಡಿನಲ್ಲಿದ್ದರೆ, ಅವನದೊಂದೇ 1,44,000 ಆಯಿತು. ಅದನ್ನು ಮುಚ್ಚಿಟ್ಟರೆ ಸುಳ್ಳು ಲೆಕ್ಕ. ಹಾಲನ್ನು ಎರಡು ಹೆಸರಿಗೆ ಹಾಕಿ, ಕಮ್ಮಿ ಲೀಟರಿನ ಚೀಟಿ ಕೊಡಿ ಅಂತ ಸಂಘಕ್ಕೆ ಬರುವವರಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ, ನಾವು ಕೊಡುವುದಿಲ್ಲ. ಹಣ ಬ್ಯಾಂಕಿಗೇ ಹೋಗುತ್ತದೆ, ಯಾರು ಬೇಕಾದರೂ ಕೂಡಿಸಿ ನೋಡಬಹುದು. ಹಾಗಂತ ಗಂಡ ಹೆಂಡತಿ ಇಬ್ಬರೂ ದಿನಕ್ಕೆ 400ರಂತೆ ವರ್ಷಕ್ಕೆ 160 ದಿನ ಕೂಲಿ ಮಾಡಿದರೆ 1,28,000 ಆಗಿ ಅವರೂ ಗೆರೆ ದಾಟುತ್ತಾರೆ. ಆ ಮನೆಯನ್ನು ಬಡವರಲ್ಲ ಅನ್ನುವುದು ಹೇಗೆ? ಗೆರೆ ಹಳೆಯದಾಯಿತು ಅಂತ ಸರ್ಕಾರವನ್ನು ಕೇಳೋಣ, ಅದಕ್ಕೆ ನನ್ನ ಸಹಿ ಮೊದಲು.

2024ರ ನವೆಂಬರಿನಲ್ಲಿ ಕಾರ್ಡು ರದ್ದಾದ ಗದ್ದಲ ನೆನಪಿರಬಹುದು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಮಿಕ್ಕವರಿಗೆ ವಾಪಸ್ ಕೊಡಿ ಅಂತ ಆಮೇಲೆ ಹೇಳಿದರು. ಅಂಥ ಹೊತ್ತಿನಲ್ಲಿ ಕೈಯಲ್ಲಿ ಕಾಗದ ಇದ್ದವರಿಗೆ ಧೈರ್ಯ ಇತ್ತು.

ಆದ್ದರಿಂದ ಅಧ್ಯಕ್ಷರ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ: ಪ್ರತಿ ಏಪ್ರಿಲ್ ತಿಂಗಳಲ್ಲಿ ಸದಸ್ಯರಿಗೆಲ್ಲ ವರ್ಷದ ಬಟವಾಡೆ ಮತ್ತು ಸಂಘದಿಂದ ತೊಗೊಂಡ ಪಶು ಆಹಾರದ ಲೆಕ್ಕ ಒಂದೇ ಹಾಳೆಯಲ್ಲಿ ಕೊಡುತ್ತೇವೆ. ಹೊರಗೆ ಕೊಂಡ ಹುಲ್ಲು, ಹಿಂಡಿ, ಬೂಸಾದ ಚೀಟಿ ನೀವು ಇಟ್ಟುಕೊಳ್ಳಿ. ಮಂಗಳವಾರ ಸಂಜೆ ಹಾಲು ಅಳೆದ ಮೇಲೆ ನಾನು ಡೇರಿಯಲ್ಲೇ ಕೂತಿರುತ್ತೇನೆ. ಕಾರ್ಡು, ಪಾಸ್‌ಬುಕ್ ತಂದರೆ ಕೂಡಿ ಕಳೆದು ಬರೆದುಕೊಡುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳುತ್ತೇನೆ.