ಲೋಲ ಎಂಬ ಅಜ್ಜಿ

ಸಂಸ್ಕೃತದ ‘ಲೋಲ’ ಎಂಬ ಶಬ್ದಕ್ಕೆ ಅಲುಗಾಡುವುದು, ಚಂಚಲವಾದುದು ಎಂದು ಅರ್ಥ. ಫಿಲಿಪೀನ್ಸಿನ ತಗಲಾಗ್ ಭಾಷೆಯಲ್ಲಿ ‘ಲೋಲ’ ಎಂದರೆ ಅಜ್ಜಿ. ನಾನು ಕಂಡ ಲೋಲ ಒಬ್ಬರಂತೂ ಚಾಂಚಲ್ಯಕ್ಕೆ ತೀರ ದೂರವಾದವರು. ಅವರನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹೆಸರು ಬೇಡ. ಮೊಮ್ಮಕ್ಕಳು, ನೆರೆಹೊರೆಯವರು, ಕಡೆಗೆ ನಾವೂ ಅವರನ್ನು ಕರೆದದ್ದು ಲೋಲ ಎಂದೇ.

ನಿವೃತ್ತನಾದ ಮರುವರ್ಷ, 2018ರಲ್ಲಿ, ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಕ್ಯಾಲಿಫೋರ್ನಿಯಾದ ಡೇಲಿ ಸಿಟಿಗೆ ಹೋಗಿದ್ದೆವು. ಸ್ಯಾನ್ ಫ್ರಾನ್ಸಿಸ್ಕೋ ನಗರದ ದಕ್ಷಿಣದ ಅಂಚಿಗೆ ಹೊಂದಿಕೊಂಡ, ಬೇಸಗೆಯಲ್ಲೂ ಮಂಜು ಮುಸುಕುವ ಊರು ಅದು. ಅಲ್ಲಿನ ಜನರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಫಿಲಿಪಿನೋಗಳು. ಪಕ್ಕದ ಮನೆಯಲ್ಲಿ ಈ ಲೋಲ, ದಾದಿಯಾಗಿದ್ದ ಮಗಳ ಸಂಸಾರದೊಡನೆ ಇದ್ದರು. ಆಗ ಅವರಿಗೆ ವಯಸ್ಸು 82. ಬೆಳಗಿನ ನಾಲ್ಕೂವರೆಗೆ ಅವರ ಅಡುಗೆಮನೆಯ ದೀಪ ಹತ್ತುತ್ತಿತ್ತು. ಮೊದಲು ಜಪಮಾಲೆ, ಆಮೇಲೆ ಅನ್ನಕ್ಕೆ ಅಕ್ಕಿ. ಮೂಲೆಯ ಪೀಠದ ಮೇಲೆ ಸಾಂತೋ ನಿನ್ಯೋ, ಎಂದರೆ ಬಾಲ ಏಸು; ಕೆಂಪು ನಿಲುವಂಗಿ, ತಲೆಯಲ್ಲಿ ಕಿರೀಟ. ನನ್ನ ಹೆಂಡತಿ ಅದನ್ನು ಕಂಡವಳೇ, “ನಮ್ಮ ಬಾಲಕೃಷ್ಣನ ಹಾಗೆಯೇ ಇದ್ದಾನಲ್ಲ!” ಎಂದಳು. 1521ರಲ್ಲಿ ಮಗೆಲನ್ ಸೆಬು ದ್ವೀಪದ ರಾಣಿಗೆ ಇಂಥದೊಂದು ಮೂರ್ತಿಯನ್ನು ಕಾಣಿಕೆಯಾಗಿ ಕೊಟ್ಟನು. ಸ್ಪೇನಿನ ಆಳ್ವಿಕೆ ಹೋಗಿ, 1898ರಿಂದ ಅಮೆರಿಕದ ಆಳ್ವಿಕೆ ಬಂದು, ಅದೂ ಹೋಯಿತು. ಬಾಲಕ ಮಾತ್ರ ಮನೆಮನೆಯಲ್ಲಿ ಉಳಿದುಕೊಂಡಿದ್ದಾನೆ.

ನಾನು ಮೇಷ್ಟ್ರಾಗಿದ್ದವನೆಂದು ತಿಳಿದಾಗ ಲೋಲ ನಕ್ಕು, ತಾವೂ ‘ಗುರೋ’ ಆಗಿದ್ದವರೆಂದರು. ನನಗೆ ಮೈ ಜುಮ್ಮೆಂದಿತು. ತಗಲಾಗಿನಲ್ಲಿ ಶಿಕ್ಷಕರಿಗೆ ಇಂದಿಗೂ ಅದೇ ಮಾತು. ಮುಖಕ್ಕೆ ‘ಮುಖಾ’, ಗತಿಯಿಲ್ಲದ ಬಡವನಿಗೆ ‘ದುಖಾ’. ಮನಿಲಾದ ಸಮೀಪದಲ್ಲಿ ದೊರೆತು, 1989ರ ಸುಮಾರಿಗೆ ವಿದ್ವಾಂಸರ ಕೈಸೇರಿದ ತಾಮ್ರಪಟವೊಂದರಲ್ಲಿ ಶಕವರ್ಷ 822, ಎಂದರೆ ಕ್ರಿ.ಶ. 900, ಎಂದು ಕಾಲವನ್ನು ಕೊಟ್ಟಿದೆ. ಅದರ ತುಂಬ ಸಂಸ್ಕೃತದ ಮಾತುಗಳು. ಸಾಲವೊಂದು ತೀರಿತೆಂದು ಬರೆದುಕೊಟ್ಟ ಶಾಸನ ಅದು. ಭಾಷೆಯ ವಿಷಯ ಬಂದರೆ ನನ್ನಂಥವರ ಮಾತು ಹರಿದಾಡುತ್ತದೆ, ಇಷ್ಟಕ್ಕೆ ನಿಲ್ಲಿಸುತ್ತೇನೆ.

ಲೋಲ ಬತಾಂಗಾಸ್ ಪ್ರಾಂತದ ಲಿಪಾ ಎಂಬ ಊರಿನವರು. ಒಂದು ಕಾಲಕ್ಕೆ ಕಾಫಿಯಿಂದ ಸಿರಿವಂತವಾಗಿದ್ದು, 1880ರ ದಶಕದ ಕೊನೆಯಲ್ಲಿ ಎಲೆತುಕ್ಕಿನ ರೋಗ ಬಿದ್ದು ಬಡವಾದ ಸೀಮೆ. ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿ, 1992ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಮಗಳು ಕರೆಸಿಕೊಂಡಳೆಂದು ಅಮೆರಿಕಕ್ಕೆ ಬಂದರು. ಮೂವತ್ತು ವರ್ಷದ ಶಾಲೆಗೆ ಅಲ್ಲಿ ಬೆಲೆಯಿರಲಿಲ್ಲ. ಹೋಟೆಲಿನ ಕೋಣೆಗಳ ಹಾಸಿಗೆ ಬದಲಾಯಿಸುವ ಕೆಲಸ ಸಿಕ್ಕಿತು. ಬೆನ್ನು ಸೋತ ಮೇಲೆ, ಆರು ಮಂದಿ ವೃದ್ಧರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಮನೆಯಲ್ಲಿ ರಾತ್ರಿಪಾಳಿ. ಎಪ್ಪತ್ತನಾಲ್ಕರವರೆಗೂ ಅದನ್ನು ಮಾಡಿದರು. ಕೆಲವು ಮುದುಕರಿಗಿಂತ ತಾವೇ ಹಿರಿಯರಾಗಿದ್ದರಂತೆ! ಅವರನ್ನು ಮಗ್ಗುಲು ಹೊರಳಿಸಬೇಕು, ಮೈ ಒರೆಸಬೇಕು, ನಡುರಾತ್ರಿ ಹೆದರಿ ಕೂಗಿದಾಗ ಕೈಹಿಡಿದು ಕೂರಬೇಕು. “ಬೇರೆಯವರ ತಾಯಿಗೆ ನಾನು ಕಾಲು ತೊಳೆದೆ, ನನ್ನ ತಾಯಿ ಲಿಪಾದಲ್ಲಿ ಸತ್ತಾಗ ಹಣ ಕಳಿಸಿದೆ” ಎಂದು ಒಮ್ಮೆ ಹೇಳಿದರು. ಹೇಳಿ, ಬಟ್ಟೆ ಮಡಚುವುದನ್ನು ಮುಂದುವರಿಸಿದರು.

ಇಂಥವರನ್ನು ಕಂಡೊಡನೆ ಕಾಯಕದ ಮಾತೆತ್ತುವುದು ನಮ್ಮ ಕನ್ನಡ ಪ್ರಾಧ್ಯಾಪಕರ ಚಾಳಿ. ನನಗೆ ಆ ಧೈರ್ಯ ಬರುವುದಿಲ್ಲ. ಭಕ್ತೆ, ದುಡಿಮೆಗಾರ್ತಿ ಎಂದು ಹೊಗಳಿ ಕೈಮುಗಿದುಬಿಟ್ಟರೆ, ಅವರು ಏಕೆ ಅಷ್ಟು ದುಡಿದರು, ದೇವರಲ್ಲಿ ಏನನ್ನು ಕೇಳುತ್ತಿದ್ದರು ಎಂಬುದು ಮರೆಯಾಗಿಬಿಡುತ್ತದೆ. ಹೊಗಳಿಕೆಗೆ ಅಂಥದೊಂದು ಅನುಕೂಲವಿದೆ.

ಅವರು ಕೇಳುತ್ತಿದ್ದುದು ಆಯುಸ್ಸನ್ನು. ಇದು ಸಾವಿನ ಭಯವಲ್ಲ. ಇದರ ಹಿಂದೆ ಒಂದು ಕಾನೂನು ಇದೆ. ಅಮೆರಿಕದ 1965ರ ವಲಸೆಯ ಕಾಯಿದೆ ಕುಟುಂಬಗಳು ಒಂದುಗೂಡುವುದಕ್ಕೆ ಬಾಗಿಲು ತೆರೆಯಿತು. ಪೌರತ್ವ ಪಡೆದ ಮಗಳು ತಾಯಿಯನ್ನು ಸರದಿಯಿಲ್ಲದೆ ಕರೆಸಿಕೊಳ್ಳಬಹುದು. ಆದರೆ ತಾಯಿ ಪೌರಳಾಗಿ ಮದುವೆಯಾದ ಮಗನನ್ನು ಕರೆಸಬೇಕೆಂದರೆ ಸರದಿಯಲ್ಲಿ ನಿಲ್ಲಬೇಕು. ಒಂದೊಂದು ದೇಶಕ್ಕೂ ವರ್ಷಕ್ಕೆ ಇಷ್ಟೇ ಎಂಬ ಮಿತಿಯಿರುವುದರಿಂದ ಫಿಲಿಪೀನ್ಸಿನವರಿಗೆ ಆ ಸರದಿ ಇಪ್ಪತ್ತು ವರ್ಷವನ್ನೂ ದಾಟುತ್ತದೆ. ಅರ್ಜಿ ಹಾಕಿದವರು ನಡುವೆ ತೀರಿಕೊಂಡರೆ ಅರ್ಜಿಯೂ ಸಾಮಾನ್ಯವಾಗಿ ಅವರೊಡನೆಯೇ ಬಿದ್ದುಹೋಗುತ್ತದೆ. ಅಧಿಕಾರಿಗಳು ಕರುಣೆಯಿಂದ ಮತ್ತೆ ಎತ್ತಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಲೋಲ ಪೌರತ್ವ ಪಡೆದು ಕಿರಿಯ ಮಗನಿಗಾಗಿ ಅರ್ಜಿ ಹಾಕಿದ್ದು 1998ರಲ್ಲಿ. ನಾವು ಹೋದಾಗ ಇಪ್ಪತ್ತು ವರ್ಷ ಕಳೆದಿತ್ತು. ಅಂದರೆ, ಈ ತಾಯಿ ಸಾಯುವಂತಿರಲಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ಅವರು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದರು. ಉಪ್ಪು ಬಿಟ್ಟಿದ್ದರು. ನಾವು ಕನ್ನಡದ ಅಜ್ಜ ಅಜ್ಜಿಯರು ಆರು ತಿಂಗಳು ಇದ್ದು, ಚಳಿಯೆಂದು ಗೊಣಗಿ, ಮೊಮ್ಮಗುವಿನ ಫೋಟೋ ಹಿಡಿದುಕೊಂಡು ಮೈಸೂರಿಗೆ ಮರಳಿಬಿಡುತ್ತೇವೆ. ನಮ್ಮ ಮಕ್ಕಳನ್ನು ಕಾಣಲು ಹೋಗುವವರು ನಾವು. ತಮ್ಮ ಮಗನಿಗಾಗಿ ಅಲ್ಲಿಯೇ ಬದುಕಿರಬೇಕಾದವರು ಅವರು.

ಡಿಸೆಂಬರ್ 16ರಿಂದ ಒಂಬತ್ತು ದಿನ ‘ಸಿಂಬಾಂಗ್ ಗಬಿ’. ಕ್ರಿಸ್ಮಸ್ಸಿಗೆ ಮುಂಚಿನ ನಸುಕಿನ ಪೂಜೆಗಳು. ಹೊಲಕ್ಕೆ ಹೋಗುವವರಿಗೆ ಅನುಕೂಲವಾಗಲೆಂದು ಕತ್ತಲಿನಲ್ಲಿ ನಡೆಸುತ್ತಿದ್ದ ಪದ್ಧತಿಯಂತೆ. ನಮ್ಮ ಧನುರ್ಮಾಸದ ಪೂಜೆಯ ಕಾಲವೂ ಅದೇ. ಒಂಬತ್ತನ್ನೂ ತಪ್ಪಿಸದವರ ಕೋರಿಕೆ ಈಡೇರುತ್ತದೆ ಎಂಬ ನಂಬಿಕೆಯುಂಟು. ಮೊದಲ ದಿನ ನಾನೂ ಜೊತೆಗೆ ಹೋದೆ. ಚರ್ಚಿನ ಬಾಗಿಲಲ್ಲಿ ಚಿಕ್ಕ ಮಕ್ಕಳೆಲ್ಲ ಲೋಲನ ಕೈಯನ್ನು ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು. ಹಿರಿಯರಿಗೆ ಸಲ್ಲಿಸುವ ಆ ಗೌರವಕ್ಕೆ ‘ಮಾನೋ’ ಎಂದು ಹೆಸರು. ನೆಟ್ಟಗೆ ನಿಲ್ಲಲಾರದ ಆ ಹೆಂಗಸು ಪೂಜೆಯುದ್ದಕ್ಕೂ ಮೊಣಕಾಲೂರಿದ್ದರು. 1992ರಿಂದ ಒಂದು ದಿನವೂ ತಪ್ಪಿಲ್ಲವೆಂದರು. ರಾತ್ರಿಪಾಳಿಯ ವರ್ಷಗಳಲ್ಲಿ ಕೆಲಸದ ಬಟ್ಟೆಯಲ್ಲೇ ಬರುತ್ತಿದ್ದರಂತೆ.

ನಾವು ಹೊರಡುವ ಹಿಂದಿನ ದಿನ ಅವರ ಮನೆಯ ಹಜಾರದಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಾಯಿ ತೆರೆದಿತ್ತು. ‘ಬಾಲಿಕ್‌ಬಾಯನ್’ ಪೆಟ್ಟಿಗೆ. ಹೊರದೇಶದ ಫಿಲಿಪಿನೋಗಳು ತಿಂಗಳುಗಟ್ಟಲೆ ತುಂಬಿ, ಹಡಗಿನಲ್ಲಿ ತಮ್ಮೂರಿಗೆ ಕಳಿಸುವಂಥದು. ಸಾಬೂನು, ಟವೆಲು, ಡಬ್ಬಿಯ ಮಾಂಸ, ಚಾಕೊಲೇಟು, ಹಳೆಯ ಬೂಟಿನೊಳಗೆ ತುರುಕಿದ ಹಲ್ಲುಜ್ಜುವ ಪೇಸ್ಟು. ಎರಡು ತಿಂಗಳಿಗೆ ಲಿಪಾ ಮುಟ್ಟುತ್ತದೆಂದರು. ಅರ್ಜಿ ಹಾಕಿದಾಗ ಮಗನಿಗೆ ಮೂವತ್ತನಾಲ್ಕು, ಅವನ ಮಗಳಿಗೆ ನಾಲ್ಕು. ಅವಳಿಗೆ ಈಗ ಇಪ್ಪತ್ತನಾಲ್ಕು. ಇಪ್ಪತ್ತೊಂದು ತುಂಬಿದ ಮಕ್ಕಳು ಸಾಮಾನ್ಯವಾಗಿ ತಂದೆಯ ಅರ್ಜಿಯಲ್ಲಿ ಬರುವಂತಿಲ್ಲ. “ಹಾಗಾದರೆ ಆ ಹುಡುಗಿ?” ಎಂದು ನಾನು ಕೇಳಿದೆ.

ಲೋಲ ಪೆಟ್ಟಿಗೆಯ ಮೂಲೆಯಲ್ಲಿ ಇನ್ನೊಂದು ಸಾಬೂನಿಗೆ ಜಾಗ ಹುಡುಕುತ್ತಿದ್ದರು. “ಅವನು ಇಲ್ಲಿಗೆ ಬಂದಮೇಲೆ ಅವಳಿಗಾಗಿ ಅವನು ಹಾಕುತ್ತಾನೆ” ಎಂದರು.